ಆ ಕಾರ್ಡನ್ನು ಎಸೆಯಬೇಡ ಪುಟ್ಟಾ

ಚಾಂಡ್ಲರ್, ಅರಿಜೋನಾ

ಚಿ|| ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಹೊಸ ಮನೆಯಲ್ಲಿ ಸಾಮಾನು ಜೋಡಿಸುವ ಕೆಲಸ ಮುಗಿದಿರಬೇಕು ಅಂದುಕೊಂಡಿದ್ದೇನೆ.

ಹೋದ ಶನಿವಾರ ನಿಮ್ಮ ಒಲೆಯ ಮೇಲೆ ಹಾಲು ಉಕ್ಕಿದಾಗ ನನಗೆ ಕಣ್ಣು ತುಂಬಿ ಬಂತು. ಹಿರಿಯೂರಿನಿಂದ ನಿನ್ನ ಅಮ್ಮ ವಿಡಿಯೋದಲ್ಲೇ ಆರತಿ ತಗೊಂಡಳು. ನಮ್ಮ ಮನೆಯ ಹುಡುಗ ಗಿಲ್ಬರ್ಟ್‌ನಲ್ಲಿ, ನನ್ನ ಮನೆಯಿಂದ ಹದಿನೈದು ನಿಮಿಷದ ದೂರದಲ್ಲಿ ಮನೆ ಮಾಡಿದ. ಇದಕ್ಕಿಂತ ಸಂತೋಷ ಇನ್ನೇನು ಬೇಕು.

ಊಟ ಆದಮೇಲೆ ಅಡಿಗೆಕಟ್ಟೆ ಒರೆಸುವಾಗ ನನಗೊಂದು ಕಾರ್ಡು ಸಿಕ್ಕಿತು. ಊರಿನ ಪ್ಲಾನಿಂಗ್ ವಿಭಾಗದಿಂದ ಬಂದದ್ದು. ನಿಮ್ಮ ಗೋಡೆಯ ಆಚೆ ಇರುವ ಖಾಲಿ ಜಾಗದ ಝೋನಿಂಗ್, ಅಂದರೆ ಅಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ಬದಲಾಯಿಸಲು ಅರ್ಜಿ ಬಂದಿದೆ, ಇಂಥ ದಿನ ಸಭೆ ಇದೆ, ಹೇಳುವುದಿದ್ದರೆ ಬನ್ನಿ ಅಂತ ಅದರಲ್ಲಿತ್ತು. ನೀನು ಅದನ್ನು ನನ್ನ ಕೈಯಿಂದ ತಗೊಂಡು, ಪಿಜ್ಜಾ ಜಾಹೀರಾತಿನ ಜೊತೆ ರೀಸೈಕಲ್ ಡಬ್ಬಿಗೆ ಹಾಕಿದೆ. "ಬಿಡು ದೊಡ್ಡಮ್ಮ, ನಮಗೆ ವೋಟೇ ಇಲ್ಲ. ನಮ್ಮ ಮಾತು ಯಾರು ಕೇಳ್ತಾರೆ" ಅಂದೆ.

ಮನೆ ತುಂಬ ಜನ ಇದ್ದರು. ನಾನು ಸುಮ್ಮನಾದೆ. ಹೊರಡುವಾಗ ಆ ಕಾರ್ಡನ್ನು ಡಬ್ಬಿಯಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಮೀಟಿಂಗ್ ಮಧ್ಯೆ ಹೂಂ ಹೂಂ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಈ ಮನೆಗೆ ಬಂದಾಗ ನಿನ್ನ ದೊಡ್ಡಪ್ಪನಿಗೂ ನನಗೂ ವೋಟು ಇರಲಿಲ್ಲ. ನಮ್ಮ ಹಿತ್ತಲ ಗೋಡೆಯಾಚೆ ದನದ ಮೇವಿನ ಹೊಲ ಇತ್ತು. ನೀರು ಹಾಯಿಸಿದ ಸಂಜೆ ಹಸಿ ಮಣ್ಣಿನ ವಾಸನೆ ಬರುತ್ತಿತ್ತು, ನನಗೆ ಊರು ನೆನಪಾಗುತ್ತಿತ್ತು. ಒಂದು ದಿನ ಇಂಥದ್ದೇ ಕಾರ್ಡು ಬಂತು. ನಾನೂ ನಿನ್ನ ಹಾಗೇ ಎಸೆದೆ. ಹೊಲ ಹೋಗಿ ಮನೆಗಳು ಬಂದವು. ಅದರ ಬಗ್ಗೆ ನನಗೆ ದೂರಿಲ್ಲ, ನಮ್ಮ ಮನೆಯೂ ಯಾರದೋ ಹೊಲದ ಮೇಲೇ ನಿಂತಿದೆ. ಆದರೆ ಹೊಸ ಬಡಾವಣೆಯ ಆ ತುದಿಯಲ್ಲಿ ಮಕ್ಕಳ ಶಾಲೆ. ನಡುವೆ ಒಂದು ಕಾಲುದಾರಿ ಬಿಟ್ಟಿದ್ದರೆ ನಿನ್ನ ಅಕ್ಕ ಐದು ನಿಮಿಷದಲ್ಲಿ ನಡೆದು ಹೋಗುತ್ತಿದ್ದಳು. ಉದ್ದಕ್ಕೂ ಗೋಡೆ ಎದ್ದಿತು. ದಾರಿ ಅಂತ ಉಳಿದದ್ದು ಆರು ಲೇನಿನ ರಸ್ತೆ ಪಕ್ಕದ್ದು, ಅಲ್ಲಿ ಒಂದು ಮರವೂ ಇಲ್ಲ.

ಆಗ ಕಚೇರಿಗೆ ಹೋಗಿ ಕೇಳಿದೆ. ಕೌಂಟರಿನ ಹುಡುಗಿ ತಾಳ್ಮೆಯಿಂದ ನಕ್ಷೆ ಬಿಡಿಸಿ ತೋರಿಸಿದಳು. ಸಭೆ ಮುಗಿದು ವರ್ಷ ಕಳೆದಿತ್ತು. ಅವತ್ತು ಬಂದದ್ದು ಇಬ್ಬರೇ, ಇಬ್ಬರೂ ಮನೆಗಳ ಎತ್ತರದ ಬಗ್ಗೆ ಕೇಳಿದ್ದರು. ದಾರಿ ಬೇಕು ಅಂತ ಯಾರೂ ಕೇಳಿರಲಿಲ್ಲ. ಎಂಟು ವರ್ಷ ನಾನು ಮಗಳನ್ನು ಕಾರಿನಲ್ಲಿ ಬಿಟ್ಟು ಬಂದೆ. ಗೋಡೆ ಈಗಲೂ ಇದೆ. ಆ ತಪ್ಪು ನನ್ನದು ಪುಟ್ಟಾ, ಬೇರೆ ಯಾರದ್ದೂ ಅಲ್ಲ.

ವೋಟು ಇಲ್ಲದಿದ್ದರೂ ಮಾತಾಡಬಹುದು. ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಹೆಸರು, ವಿಳಾಸ ಬರೆದು ಚೀಟಿ ಕೊಟ್ಟರೆ ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ಸಭೆಯ ಅಜೆಂಡಾ ಕಡೇಪಕ್ಷ 24 ಗಂಟೆ ಮೊದಲು ಹೊರಗೆ ಬರಬೇಕು ಅಂತ ಅರಿಜೋನಾ ಕಾನೂನೇ ಇದೆ. ಒಂದು ಮಾತು ಮೊದಲೇ ತಿಳಿದಿರಲಿ. ಅಜೆಂಡಾದಲ್ಲಿ ಇಲ್ಲದ ವಿಷಯ ನೀನು ಎತ್ತಿದರೆ ಅವರು ಅದನ್ನು ಅಲ್ಲೇ ಚರ್ಚೆ ಮಾಡುವ ಹಾಗಿಲ್ಲ. ಸಿಬ್ಬಂದಿಗೆ ನೋಡಲು ಹೇಳಬಹುದು, ಮುಂದಿನ ಸಭೆಗೆ ಇಡಿ ಅನ್ನಬಹುದು, ಅಷ್ಟೇ. ಮೊದಲ ಸಲ ನಾನು ಬಸ್ ಸ್ಟಾಪಿಗೆ ನೆರಳು ಬೇಕು ಅಂತ ಮಾತಾಡಿದಾಗ ಕೌನ್ಸಿಲಿನ ಏಳೂ ಜನ ಸುಮ್ನೆ ನನ್ನನ್ನೇ ನೋಡುತ್ತಾ ಕೂತಿದ್ದರು. ಅವಮಾನವಾಯಿತು ಅಂತ ಕಾರಿನಲ್ಲಿ ಅತ್ತೆ. ಅದು ನಿಯಮ ಅಂತ ಗೊತ್ತಾದದ್ದು ಆಮೇಲೆ. ಎರಡು ತಿಂಗಳಿಗೆ ನಮ್ಮ ಬಸ್ ಸ್ಟಾಪಿಗೆ ನೆರಳಿನ ಚಪ್ಪರ ಬಂತು.

ನೀನು ಕೊಂಡ ಊರು ಎಂಥದ್ದು ಅಂತ ಒಮ್ಮೆ ಯೋಚಿಸು. 1980ರಲ್ಲಿ ಗಿಲ್ಬರ್ಟ್‌ನಲ್ಲಿ ಆರು ಸಾವಿರ ಜನವೂ ಇರಲಿಲ್ಲ. 2020ರ ಜನಗಣತಿಯಲ್ಲಿ 2,67,918. ಹುಲ್ಲು ಬೆಳೆದು ಮಾರುತ್ತಿದ್ದ ಊರು ಅದು. ಇಷ್ಟು ಬೇಗ ಬೆಳೆಯುವ ಊರಲ್ಲಿ ರಸ್ತೆ, ಗೋಡೆ, ಮರ, ಶಾಲೆ ಎಲ್ಲವೂ ಒಂದೇ ಸಲ ತೀರ್ಮಾನ ಆಗಿಬಿಡುತ್ತವೆ. ನಮ್ಮ ಹಿರಿಯೂರಿನ ಪೇಟೆ ಬೀದಿ ನೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಆದದ್ದು, ತಪ್ಪಿದರೆ ತಿದ್ದಲು ಸಮಯ ಇತ್ತು. ಇಲ್ಲಿ ಕಾಂಕ್ರೀಟು ಬಿದ್ದಮೇಲೆ ಮುಗಿಯಿತು.

ಇನ್ನು ನೀರಿನ ಮಾತು. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಓದು.

ಮಾರಿಕಣಿವೆ ಡ್ಯಾಮಿನ ನೀರು ಕುಡಿದು ಬೆಳೆದವರು ನಾವು. ನಮ್ಮ ತಾತ 1933ರಲ್ಲಿ ಅದು ಕೋಡಿ ಬಿದ್ದದ್ದನ್ನು ಕಂಡವರು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಆ ನಡುವೆ ನಮ್ಮ ತೆಂಗಿನ ತೋಟ ಸುಳಿ ಒಣಗಿ ನಿಂತದ್ದನ್ನು ನೀನೂ ನೋಡಿದ್ದೀಯ. ನೀರು ಅಂದರೆ ಏನು ಅಂತ ನಿನಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಈಜುಕೊಳ ತುಂಬಿರುತ್ತದೆ, ಆ ನೆನಪು ಬೇಗ ಮಾಸುತ್ತದೆ. ನಮ್ಮ ಪಕ್ಕದ ದೊಡ್ಡ ನಗರ ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು ಏಳು ಇಂಚು ಮಳೆ. ಬರದ ಊರು ಅನ್ನಿಸಿಕೊಂಡ ನಮ್ಮೂರಿಗಿಂತ ಎಷ್ಟೋ ಕಮ್ಮಿ.

ಹಾಗಾದರೆ ಈ ನೀರು ಎಲ್ಲಿಂದ? 1903ರಲ್ಲಿ ಈ ಕಣಿವೆಯ ರೈತರು ತಮ್ಮ ಜಮೀನನ್ನೇ ಆಧಾರವಾಗಿಟ್ಟು ಸರ್ಕಾರದಿಂದ ಸಾಲ ತಂದರು. ಸಾಲ್ಟ್ ನದಿಗೆ ಕಟ್ಟಿದ ರೂಸ್‌ವೆಲ್ಟ್ ಡ್ಯಾಮ್ 1911ರಲ್ಲಿ ಮುಗಿಯಿತು. ಅದೇ ವರ್ಷ ನಮ್ಮ ಕಡೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ರೈತರ ಸಂಘವೇ ಇವತ್ತಿನ ಸಾಲ್ಟ್ ರಿವರ್ ಪ್ರಾಜೆಕ್ಟ್, ಅಂದರೆ ಎಸ್‌ಆರ್‌ಪಿ. ನಿನಗೆ ಕರೆಂಟ್ ಬಿಲ್ಲು ಕಳಿಸುವುದೂ ಅವರೇ. ಅವರ ಆಡಳಿತ ಮಂಡಳಿಯ ಹೆಚ್ಚಿನ ಸ್ಥಾನಗಳಿಗೆ ಇವತ್ತಿಗೂ ವೋಟಿನ ಲೆಕ್ಕ ಎಕರೆಯ ಮೇಲೆ ನಡೆಯುತ್ತದೆ. ಇದು ಬದಲಾಗಬೇಕು ಅನ್ನುವವಳು ನಾನು.

ಇನ್ನೊಂದು ನೀರು ಕೊಲೊರಾಡೊ ನದಿಯದು. 336 ಮೈಲಿ ಉದ್ದದ ಕಾಲುವೆಯಲ್ಲಿ, ಮರುಭೂಮಿ ದಾಟಿ, ಪಂಪ್ ಮಾಡಿ ಮೇಲೆತ್ತಿ ತರುತ್ತಾರೆ. ಆ ಕಾಲುವೆಗೆ ದೆಹಲಿಯಂಥ ದೂರದ ವಾಷಿಂಗ್‌ಟನ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು 1968ರಲ್ಲಿ. ಅದಕ್ಕೊಂದು ಷರತ್ತು ಇತ್ತು. ನದಿಯಲ್ಲಿ ನೀರು ಕಮ್ಮಿಯಾದರೆ ಕ್ಯಾಲಿಫೋರ್ನಿಯಾಕ್ಕಿಂತ ಮೊದಲು ಈ ಕಾಲುವೆಗೆ ಕಡಿತ. 2021ರ ಆಗಸ್ಟಿನಲ್ಲಿ ಮೊದಲ ಸಲ ಕೊರತೆ ಘೋಷಣೆಯಾಯಿತು. ಮುಂದಿನ ವರ್ಷದಿಂದ ನಮ್ಮ ದಕ್ಷಿಣಕ್ಕಿರುವ ಪಿನಾಲ್ ಕೌಂಟಿಯ ರೈತರಿಗೆ ಕಾಲುವೆ ನೀರು ಬಹುಮಟ್ಟಿಗೆ ನಿಂತುಹೋಯಿತು. ಮ್ಯಾರಿಕೋಪ ಅನ್ನುವ ಊರಿನ ಗಣಪತಿ ದೇವಸ್ಥಾನಕ್ಕೆ ನಾವು ಹೋಗುವುದು ಆ ಕೌಂಟಿಗೇ. ದಾರಿಯಲ್ಲಿ ಪಾಳು ಬಿದ್ದ ಹೊಲ ಕಂಡರೆ ನನಗೆ ನಮ್ಮ ಒಣಗಿದ ತೋಟವೇ ಕಣ್ಣ ಮುಂದೆ ಬರುತ್ತದೆ.

ಅದೇ ದಾರಿಯಲ್ಲಿ ಗೀಲಾ ನದಿಯ ಮೂಲನಿವಾಸಿಗಳ ನೆಲ ಇದೆ. ಸಾವಿರ ವರ್ಷದ ಹಿಂದೆಯೇ ಈ ಕಣಿವೆಯಲ್ಲಿ ಕೈಯಿಂದ ಕಾಲುವೆ ತೋಡಿ ಬೆಳೆ ತೆಗೆದ ಹೊಹೊಕಮ್ ಜನ ತಮ್ಮ ಪೂರ್ವಿಕರು ಅನ್ನುತ್ತಾರೆ ಅವರು. 19ನೇ ಶತಮಾನದ ಕೊನೆಯಲ್ಲಿ ಮೇಲಿನ ಊರುಗಳಿಗೆ ಬಂದವರು ನದಿಯ ನೀರು ತಿರುಗಿಸಿಕೊಂಡರು. ಕೆಳಗೆ ಇವರ ಹೊಲ ಒಣಗಿತು, ಹಸಿವು ಬಂತು. ನೂರು ವರ್ಷ ಬಿಡದೆ ಕೇಳಿ, 2004ರ ಕಾನೂನಿನಲ್ಲಿ ಅವರು ತಮ್ಮ ಪಾಲು ಪಡೆದರು. ನಾವೆಲ್ಲ ಬಂದು ಸೇರಿದ್ದು ಅವರ ಆಮೇಲೆ. ದೇವಸ್ಥಾನಕ್ಕೆ ಹೋಗುವಾಗ ಇದನ್ನು ಮಕ್ಕಳಿಗೆ ಹೇಳು.

ನಿನ್ನ ಗೆಳೆಯ, ಕನ್ನಡಕದ ಹುಡುಗ, ಊರಾಚೆ ಒಂದು ಎಕರೆ ಅಗ್ಗಕ್ಕೆ ಸಿಗುತ್ತಿದೆ ಅಂತ ಹೇಳುತ್ತಿದ್ದನಲ್ಲ. ಅವನಿಗೂ ಈ ಪತ್ರ ತೋರಿಸು. 1980ರಲ್ಲಿ ಅರಿಜೋನಾ ಒಂದು ಒಳ್ಳೆಯ ಕಾನೂನು ಮಾಡಿತು. ಫೀನಿಕ್ಸ್ ಸುತ್ತ ಹೊಸ ಬಡಾವಣೆ ಮಾಡುವವರು ನೂರು ವರ್ಷಕ್ಕೆ ಸಾಕಾಗುವ ನೀರು ಇದೆ ಅಂತ ತೋರಿಸಬೇಕು. ಆದರೆ ಜಾಗವನ್ನು ಐದೇ ತುಂಡು ಮಾಡಿ ಮಾರಿದರೆ ಆ ನಿಯಮ ತಾಗುವುದಿಲ್ಲ. ರಿಯೊ ವರ್ಡೆ ಫುಟ್‌ಹಿಲ್ಸ್‌ನಲ್ಲಿ ಹಾಗೇ ತುಂಡು ತುಂಡಾಗಿ ನೂರಾರು ಮನೆ ಎದ್ದವು. ಬಾವಿ ಇಲ್ಲದವರು ಪಕ್ಕದ ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರ್ ನೀರು ತರಿಸುತ್ತಿದ್ದರು. ನಮ್ಮ ಊರಿನವರಿಗೆ ಮೊದಲು ನೀರು ಬೇಕು ಅಂತ ಆ ನಗರ ಎಚ್ಚರಿಕೆ ಕೊಟ್ಟು, 2023ರ ಜನವರಿ 1ರಿಂದ ನಿಲ್ಲಿಸಿಬಿಟ್ಟಿತು. ದೊಡ್ಡ ದೊಡ್ಡ ಮನೆಯವರು ಕಾಗದದ ತಟ್ಟೆಯಲ್ಲಿ ಉಂಡು, ಮಳೆ ನೀರು ಹಿಡಿದು ಕಾಲ ಹಾಕಿದರು. ಅದೇ ವರ್ಷ ಜೂನ್‌ನಲ್ಲಿ, ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗಳಿಗೆ ಒಪ್ಪಿಗೆ ಕೊಡುವುದಿಲ್ಲ ಅಂತ ರಾಜ್ಯ ಸರ್ಕಾರವೂ ಹೇಳಿತು. ನೀರಿನ ಕಾಗದ ನೋಡದೆ ಜಾಗ ಕೊಳ್ಳಬೇಡ ಅಂತ ನಿನ್ನ ಗೆಳೆಯನಿಗೆ ಖಡಾಖಂಡಿತವಾಗಿ ಹೇಳು.

ನಿಮ್ಮ ಬಡಾವಣೆಯ ಮನೆ ಒಡೆಯರ ಸಂಘದ, ಅಂದರೆ ಎಚ್‌ಒಎ ಸಭೆಗೂ ಹೋಗು. ಅಲ್ಲಿ ನಿನಗೆ ವೋಟೂ ಇದೆ. ಮನೆಯ ಒಡೆಯ ಅನ್ನುವುದೇ ಅಲ್ಲಿ ಅರ್ಹತೆ. ರಸ್ತೆ ಬದಿಯ ಹುಲ್ಲಿಗೆ ಎಷ್ಟು ನೀರು ಸುರಿಯಬೇಕು, ಎಲ್ಲಿ ಮರ ಇರಬೇಕು ಅಂತ ತೀರ್ಮಾನ ಆಗುವುದು ಅಲ್ಲೇ. ಯಾರೂ ಕಾಲಿಡದ ಆ ಹುಲ್ಲು ತೆಗೆದು ಈ ನೆಲದ ಮರಗಳಾದ ಮೆಸ್ಕೀಟ್, ಪಾಲೊ ವರ್ಡೆ ಹಾಕಿ ಅಂತ ಕೇಳು. ಮೆಸ್ಕೀಟ್ ಅಂದರೆ ನಮ್ಮೂರ ಬಳ್ಳಾರಿ ಜಾಲಿಯ ಬಳಗ. ನಮ್ಮಲ್ಲಿ ಕೆರೆ ಹೊಲ ಎಲ್ಲ ಆವರಿಸಿ ಕಾಡುವ ಜಾತಿ, ಇಲ್ಲಿ ತನ್ನ ನೆಲದಲ್ಲಿ ಕಮ್ಮಿ ನೀರಿಗೆ ತಂಪು ನೆರಳು ಕೊಡುತ್ತದೆ.

ನೆರಳು ಇಲ್ಲಿ ಜೀವದ ಪ್ರಶ್ನೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 43 ಸೆಲ್ಸಿಯಸ್) ದಾಟಿತು ಅಥವಾ ಮುಟ್ಟಿತು. ಆ ವರ್ಷ ನಮ್ಮ ಮ್ಯಾರಿಕೋಪ ಕೌಂಟಿಯಲ್ಲಿ (ದೇವಸ್ಥಾನದ ಊರಿನದೇ ಹೆಸರು, ಜಾಗ ಬೇರೆ) ಸೆಖೆಯಿಂದ 645 ಜನ ಸತ್ತರು. ಅವರಲ್ಲಿ ಅರ್ಧಕ್ಕೆ ಹತ್ತಿರ ಜನ ಬೀದಿಯಲ್ಲಿ ಇರುವವರು. ಮನೆಯೊಳಗೆ ಸತ್ತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಎಸಿ ಇತ್ತು, ಓಡುತ್ತಿರಲಿಲ್ಲ. 2018ರಲ್ಲಿ ಕರೆಂಟ್ ಬಿಲ್ಲಿನ ಸಣ್ಣ ಬಾಕಿಗೆ ಕಂಪನಿಯವರು ಸಂಪರ್ಕ ಕಡಿದದ್ದರಿಂದ ಒಬ್ಬ ವಯಸ್ಸಾದ ಹೆಂಗಸು ಮನೆಯಲ್ಲೇ ತೀರಿಕೊಂಡರು. ಆ ಸುದ್ದಿ ಹೊರಗೆ ಬಂದಾಗ ಜನ ಕರೆಂಟ್ ಕಂಪನಿಗಳಿಗೆ ನಿಯಮ ಮಾಡುವ ರಾಜ್ಯದ ಕಮಿಷನ್ ಮುಂದೆ ಹೋಗಿ ನಿಂತರು. 2019ರಲ್ಲಿ ಬೇಸಿಗೆಯಲ್ಲಿ ಕರೆಂಟ್ ಕಡಿಯಬಾರದು ಅಂತ ತುರ್ತು ನಿಯಮ ಬಂತು. ನಮ್ಮ ಮಾತು ಯಾರು ಕೇಳ್ತಾರೆ ಅಂದೆಯಲ್ಲ, ಹೋಗಿ ಮಾತಾಡಿದರೆ ಇದು ಆಗುತ್ತದೆ.

ನಮ್ಮ ಎದುರು ಮನೆಯ ಅಜ್ಜಿಯ ಕಥೆ ನಿನಗೆ ಹೇಳಿಲ್ಲ. ಹದಿನಾಲ್ಕು ವರ್ಷ ಕೈ ಬೀಸಿ ನಗುವುದಷ್ಟೇ ನಮ್ಮ ಪರಿಚಯ. ಒಂದು ಜುಲೈನಲ್ಲಿ ಎರಡು ದಿನದಿಂದ ಅವರ ಕಸದ ಡಬ್ಬಿ ರಸ್ತೆಯಲ್ಲೇ ಇತ್ತು. ಬಾಗಿಲು ತಟ್ಟಿದೆ. ಎಸಿ ಕೆಟ್ಟು, ಒದ್ದೆ ಟವೆಲ್ ಹೊದ್ದು ಕೂತಿದ್ದರು. ರಿಪೇರಿಯವನು ಸೋಮವಾರ ಬರುತ್ತೇನೆ ಅಂದಿದ್ದನಂತೆ. ತೊಂದರೆ ಕೊಡುವುದು ಬೇಡ ಅಂತ ನಮ್ಮನ್ನು ಕರೆದಿರಲಿಲ್ಲ. ಮೂರು ದಿನ ನಮ್ಮಲ್ಲಿದ್ದರು. ನನ್ನ ಸಾರು ಅವರಿಗೆ ಖಾರವಾಯಿತು, ಮೊಸರನ್ನ ತುಂಬ ಇಷ್ಟವಾಯಿತು. ಅವತ್ತಿನಿಂದ ನಮ್ಮ ಬೀದಿಯ ಹನ್ನೊಂದು ಮನೆಯ ಫೋನ್ ನಂಬರ್ ನನ್ನ ಫ್ರಿಜ್ ಬಾಗಿಲ ಮೇಲಿದೆ.

ಗೃಹಪ್ರವೇಶಕ್ಕೆ ನೀನು ನೂರಿಪ್ಪತ್ತು ಜನರನ್ನು ಕರೆದೆ. ಕನ್ನಡ ಸಂಘದವರೆಲ್ಲ ಇದ್ದರು. ಪಕ್ಕದ ಮನೆಯವರು ಯಾರೂ ಇರಲಿಲ್ಲ, ಅಲ್ವಾ? ಮಿಕ್ಕ ಮೈಸೂರು ಪಾಕು ಡಬ್ಬಿಯಲ್ಲಿದೆ. ಸಂಜೆ ಬಿಸಿಲು ಇಳಿದಮೇಲೆ ಇಬ್ಬರೂ ಹೋಗಿ ಎಡಕ್ಕೆ ಮೂರು ಮನೆ, ಬಲಕ್ಕೆ ಮೂರು ಮನೆ ಕೊಟ್ಟು ಬನ್ನಿ.

ಕಾರ್ಡಿನಲ್ಲಿರುವ ಸಭೆ ಮುಂದಿನ ಬುಧವಾರ ಸಂಜೆ ಆರಕ್ಕೆ. ಐದು ಕಾಲಿಗೆ ನಿನ್ನ ಮನೆ ಮುಂದೆ ಕಾರು ನಿಲ್ಲಿಸುತ್ತೇನೆ. ಆ ಜಾಗದ ಆಚೆ ಏನಿದೆ ಅಂತ ಅಷ್ಟರೊಳಗೆ ಒಂದು ಸುತ್ತು ನಡೆದು ನೋಡಿ ಬಾ. ಶಾಲೆ ಇದ್ದರೆ ದಾರಿ ಕೇಳೋಣ.

ಇಂತಿ ನಿನ್ನ
ದೊಡ್ಡಮ್ಮ