ಕ್ಯಾತ್ಸಂದ್ರದ ಮೆಕ್ಯಾನಿಕ್ ಅಣ್ಣನಿಗೆ

ತುಮಕೂರು ದಾಟುತ್ತಲೇ ನಮ್ಮ ಹಳೇ ಆಟೋಮ್ಯಾಟಿಕ್ ಕಾರು ಮುಂದೆ ಹೋಗುವ ಡಿ ಗೇರಿಗೆ ಹಾಕಿದರೂ ತಡವಾಗಿ ಎಳೆಯತೊಡಗಿತು. ಇಂಜಿನ್ ಬರೀ ಕೂಗುತ್ತಿತ್ತು, ಹಿಂದೆ ಅಮ್ಮ ಕೂತಿದ್ದರು. ನಿಮ್ಮ ಷಟರ್ ಅರ್ಧ ಇಳಿದಿತ್ತು; ಆದರೂ ಟಾರ್ಚ್ ಹಿಡಿದು ಬಂದಿರಿ, ಅಮ್ಮನಿಗೆ ಕುರ್ಚಿ ಹಾಕಿಸಿದಿರಿ.

ಗೇರ್‌ಬಾಕ್ಸ್ ಇಳಿಸಬೇಕು ಅನ್ನಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ಮೂಸಿದಿರಿ: ಬಣ್ಣ ಕೆಂಪು, ಸುಟ್ಟ ವಾಸನೆಯಿಲ್ಲ. ಅಂದರೆ ಕ್ಲಚ್ ಪ್ಲೇಟ್ ಉಳಿದಿರಬಹುದು, ಆಯಿಲ್ ಕಮ್ಮಿಯಾಗಿ ಒತ್ತಡ ಸಾಲುತ್ತಿಲ್ಲ. ಸೋರುತ್ತಿದ್ದದ್ದು ಆ ಆಯಿಲ್ ತಣ್ಣಗಾಗಲು ರೇಡಿಯೇಟರ್‌ಗೆ ಹೋಗುವ ಕೂಲರ್ ಹೋಸ್, ರಬ್ಬರ್ ಗಟ್ಟಿಯಾಗಿ ಬಿರಿದಿತ್ತು. ಗೇರ್‌ಬಾಕ್ಸ್ ಕೆಳಗಿನ ಆಯಿಲ್ ತಟ್ಟೆಯ (ಪ್ಯಾನ್) ಬೋಲ್ಟ್ ಸುಮ್ಮನೆ ಬಿಗಿದರೆ ಅಂಚು ಬಾಗಿ ಹೊಸ ಸೋರಿಕೆ ಶುರುವಾಗುತ್ತದೆಂದು ಅದನ್ನು ಮುಟ್ಟಲಿಲ್ಲ.

ನೀರಿನ ಹೋಸ್ ಬೇಡ, ಬಿಸಿ ಆಯಿಲ್ ತಡೆಯುವುದೇ ಬೇಕೆಂದು ಹುಡುಗನನ್ನು ಓಡಿಸಿ ತರಿಸಿದಿರಿ. ಹೊಸ ಕ್ಲಾಂಪ್ ಬಿಗಿದು, ಕಾರಿನ ಪುಸ್ತಕದಲ್ಲಿ ಹೇಳಿದ ಎಟಿಎಫ್ ಅನ್ನೇ, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲನ್ನೇ, ಇಂಜಿನ್ ಓಡುತ್ತಿರುವಾಗ ಸ್ವಲ್ಪಸ್ವಲ್ಪವಾಗಿ ಸುರಿದಿರಿ. ಬ್ರೇಕ್ ಒತ್ತಿಸಿ ಪಿ, ಆರ್, ಎನ್, ಡಿ ಎಲ್ಲಕ್ಕೂ ಲಿವರ್ ಹೋಗಿ ಬಂದ ಮೇಲೆಯೇ ಮಟ್ಟ ನೋಡಿದಿರಿ. ಹೆಚ್ಚಾದರೆ ನೊರೆಯೆದ್ದು ಮತ್ತೆ ಜಾರುತ್ತದೆಂದು ಮೇಲಿನ ಗೆರೆಗೂ ಮುಂಚೆ ನಿಲ್ಲಿಸಿದಿರಿ.

ಡಿ ಗೆ ಹಾಕಿದ ಕೂಡಲೇ ಕಾರು ಎಳೆಯಿತು. ಆಗಲೇ ನಮಗೆ ಉಸಿರು ಬಂತು. ಸಾಮಾನಿನ ದುಡ್ಡಿಗಿಂತ ಹೆಚ್ಚು ಕೊಟ್ಟರೆ ನೀವು ತೆಗೆದುಕೊಳ್ಳಲಿಲ್ಲ. ಹೆಸರು ಕೇಳುವುದೂ ಆಗಲಿಲ್ಲ ಅಣ್ಣಾ, ಅಮ್ಮನ ಕಡೆಯಿಂದಲೂ ಧನ್ಯವಾದ.