ಗೆಳೆಯನಿಗೊಂದು ಪತ್ರ: ಐವತ್ತು ಸೆಂಟಿನ ಎಕ್ಸ್-ಮೆನ್

ಪ್ರೀತಿಯ ಗೆಳೆಯಾ,

ಎಕ್ಸ್-ಮೆನ್ ಸಿನಿಮಾಗಳೆಲ್ಲ ಮುಗಿದವು, ಕಾಮಿಕ್ಸ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆಯಲ್ಲ? 1963ರ ಮೊದಲ ಸಂಚಿಕೆಯಿಂದ ಮಾತ್ರ ಬೇಡ. 1975ರ ‘ಜೈಂಟ್-ಸೈಜ್ ಎಕ್ಸ್-ಮೆನ್’ ಒಂದನೇ ಸಂಚಿಕೆ ಹಿಡಿ. ನಿನಗೆ ಹೇಳುವ ನೆಪದಲ್ಲಿ ನಾನೂ ಮತ್ತೆ ಓದಿದೆ. ಮೂಲ ಪ್ರತಿ ಅಲ್ಲ ಮಾರಾಯ, ಮರುಮುದ್ರಣ. ಅಂದು 50 ಸೆಂಟಿಗೆ ಸಿಗುತ್ತಿದ್ದ ಆ ಪುಸ್ತಕಕ್ಕೆ ಈಗ ಸೈಟು ಮಾರಬೇಕು.

ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಶುರು ಮಾಡಿದ ಎಕ್ಸ್-ಮೆನ್, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರ ತಂಡದ ಕತೆ, ಅಷ್ಟಾಗಿ ಓಡಲಿಲ್ಲ. 1970ರಲ್ಲಿ ಹೊಸ ಕತೆಗಳೇ ನಿಂತುಹೋದವು. ಆಮೇಲೆ ಹಳೆಯ ಕತೆಗಳನ್ನೇ ಮತ್ತೆ ಅಚ್ಚು ಹಾಕಿ ಪ್ರಕಾಶನ ಕಂಪನಿ ಮಾರ್ವೆಲ್ ಕಾಲ ತಳ್ಳಿತು. ಅದಕ್ಕೆ ಮತ್ತೆ ಜೀವ ಕೊಟ್ಟವರು ಲೆನ್ ವೀನ್ ಮತ್ತು ಡೇವ್ ಕಾಕ್ರಮ್. ವೀನ್ ಕತೆ, ಕಾಕ್ರಮ್ ಚಿತ್ರ.

ಹಳೆಯ ತಂಡ ಕ್ರಾಕೋವಾ ಎಂಬ ದ್ವೀಪಕ್ಕೆ ಹೋಗಿ ಕಾಣೆಯಾಗುತ್ತದೆ. ಸೈಕ್ಲೋಪ್ಸ್ ಒಬ್ಬನೇ ತಪ್ಪಿಸಿಕೊಂಡು ಬರುತ್ತಾನೆ. ಉಳಿದವರನ್ನು ಬಿಡಿಸಲು ತಂಡದ ಮೇಷ್ಟ್ರು ಪ್ರೊಫೆಸರ್ ಜೇವಿಯರ್ ದೇಶ ದೇಶ ಸುತ್ತಿ ಹೊಸಬರನ್ನು ಕಲೆಹಾಕುತ್ತಾನೆ. ಕತೆ ಇಷ್ಟೇ. ಆದರೆ ಈ ಕಲೆಹಾಕುವ ಪುಟಗಳಿವೆಯಲ್ಲ, ಪುಸ್ತಕದ ಜೀವ ಇರುವುದೇ ಅಲ್ಲಿ.

ಶುರುವಾಗುವುದು ಜರ್ಮನಿಯ ಒಂದು ಹಳ್ಳಿಯಲ್ಲಿ. ಪಂಜು ಹಿಡಿದ ಜನ ನೈಟ್‌ಕ್ರಾಲರ್‌ನನ್ನು ಅಟ್ಟಿಸಿಕೊಂಡು ಬರುತ್ತಾರೆ. ನೋಡಲು ಥೇಟ್ ದೆವ್ವ, ಬಾಲ ಬೇರೆ. ಕಾಕ್ರಮ್ ಇವನನ್ನು ಮೊದಲು ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿ ಕಂಪನಿಯ ಬೇರೊಂದು ತಂಡಕ್ಕೆಂದು ಬರೆದಿದ್ದ, ಅಲ್ಲಿ ಬೇಡ ಅಂದಿದ್ದರು. ನನ್ನನ್ನು ಮಾಮೂಲಿ ಮನುಷ್ಯನನ್ನಾಗಿ ಮಾಡ್ತೀರಾ ಅಂತ ನೈಟ್‌ಕ್ರಾಲರ್ ಜೇವಿಯರ್‌ನನ್ನು ಕೇಳುತ್ತಾನೆ. ಜನ ಇಷ್ಟೆಲ್ಲ ಮಾಡಿದ ಮೇಲೂ ನಿನಗೆ ಅವರಂತೆ ಆಗಬೇಕೇ ಅಂತ ಜೇವಿಯರ್ ತಿರುಗಿ ಕೇಳುತ್ತಾನೆ. ಸೂಪರ್‌ಹೀರೋ ಕಾಮಿಕ್ಸಿನಲ್ಲಿ ಇಂಥ ಮಾತು ಬಂದಾಗ ನಾನು ಪುಟ ತಿರುಗಿಸುವುದನ್ನೇ ಮರೆತೆ.

ಕೊಲೋಸಸ್ ಸೈಬೀರಿಯಾದ ಸಾಮೂಹಿಕ ಜಮೀನಿನಲ್ಲಿ ದುಡಿಯುವ ಹುಡುಗ. ಟ್ರ್ಯಾಕ್ಟರಿಗೆ ಸಿಕ್ಕಲಿದ್ದ ತಂಗಿಯನ್ನು ಉಕ್ಕಿನ ಮೈ ಒಡ್ಡಿ ಉಳಿಸುತ್ತಾನೆ. ಜೇವಿಯರ್ ಕರೆದಾಗ ಅವನಿಗೆ ಬರುವ ಅನುಮಾನವೇ ಬೇರೆ: ನನ್ನ ಶಕ್ತಿ ಸರ್ಕಾರದ ಸ್ವತ್ತಲ್ಲವೇ? ಶೀತಲ ಸಮರದ ಕಾಲದಲ್ಲಿ ಅಮೆರಿಕದ ಕಾಮಿಕ್ಸ್ ಒಬ್ಬ ಸೋವಿಯತ್ ರೈತನನ್ನು ಅಣಕಿಸದೆ ಹೀರೋ ಮಾಡಿತ್ತು ನೋಡು.

ನಿನ್ನ ವುಲ್ವರಿನ್‌ಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಹಿಂದಿನ ವರ್ಷವಷ್ಟೇ ಹಲ್ಕ್ ಜೊತೆ ಹೊಡೆದಾಡಲು ಬಂದಿದ್ದವನು. ಕೆನಡಾ ಸರ್ಕಾರದ ಕೆಲಸ ಬಿಡುವಾಗ ಅಧಿಕಾರಿಯ ಟೈಯನ್ನು ಉಗುರಿನಿಂದ ಸೀಳಿ ಹೊರಡುತ್ತಾನೆ. ಅಷ್ಟರಲ್ಲೇ ಆಸಾಮಿ ಏನು ಅಂತ ಗೊತ್ತಾಗುತ್ತದೆ.

ಸ್ಟಾರ್ಮ್ ವಿಷಯಕ್ಕೆ ಬಂದರೆ ನನಗೆ ಕಿರಿಕಿರಿ. ಕೀನ್ಯಾದಲ್ಲಿ ಜನ ಅವಳನ್ನು ಮಳೆ ತರುವ ದೇವತೆ ಅಂತ ಪೂಜಿಸುತ್ತಾರೆ. ಚಿತ್ರ ಅದ್ಭುತ, ನಿಜ. ಆದರೆ ಆಫ್ರಿಕಾ ಎಂದರೆ ಬೇಡುವ ಜನ ಮತ್ತು ಮೂಢನಂಬಿಕೆ, ಅಷ್ಟೇನಾ? ಅಮೆರಿಕದ ಮೂಲನಿವಾಸಿ ಅಪಾಚೆ ಬುಡಕಟ್ಟಿನ ಯುವಕ ಥಂಡರ್‌ಬರ್ಡ್‌ನ ಪಾಡೂ ಅದೇ. ಅವನಿಗೆ ಸಿಟ್ಟು ಬಿಟ್ಟರೆ ಬೇರೆ ಏನನ್ನೂ ಕೊಟ್ಟಿಲ್ಲ. ಜೇವಿಯರ್ ಅವನನ್ನು ಅವನ ಜನರ ಹೆಸರು ಹಿಡಿದು ಕೆಣಕಿ ಕರೆತರುತ್ತಾನೆ. ಈ ಮೇಷ್ಟ್ರು ಸಾಚಾ ಅಲ್ಲ ಅಂತ ನನಗೆ ಈ ಸಲ ಅನಿಸಿತು.

ಕೊನೆಯ ಭಾಗ ಅವಸರದ್ದು. ಅಣುಬಾಂಬ್ ಪರೀಕ್ಷೆಯಿಂದ ಆ ದ್ವೀಪಕ್ಕೇ ಜೀವ ಬಂದಿರುತ್ತದೆ. ಹೊಸಬರು, ಹಳಬರು ಸೇರಿ ಅದನ್ನು ಬಾಹ್ಯಾಕಾಶಕ್ಕೆ ಎಸೆಯುತ್ತಾರೆ. ಸುಮ್ನೆ ಒಪ್ಪಿಕೋ, ಲಾಜಿಕ್ ಹುಡುಕಬೇಡ. ಕಡೆಗೆ ಹಳೆಯ ತಂಡದ ಏಂಜೆಲ್ ಕೇಳುತ್ತಾನೆ: ಈಗ 13 ಜನ ಎಕ್ಸ್-ಮೆನ್, ಏನು ಮಾಡೋಣ? ಮುಂದೆ ಕ್ರಿಸ್ ಕ್ಲೇರ್‌ಮಾಂಟ್ ಬರೆಯಲು ಕೂತಾಗ ಹಳಬರಲ್ಲಿ ಹೆಚ್ಚಿನವರು ಹೊರಟುಹೋದರು. ಮೂಲ ‘ಎಕ್ಸ್-ಮೆನ್’ ಸರಣಿಯ 95ನೇ ಸಂಚಿಕೆಯಲ್ಲಿ ಥಂಡರ್‌ಬರ್ಡ್‌ನನ್ನು ಸಾಯಿಸಿಯೂಬಿಟ್ಟರು.

ಹಾಗಾಗಿ ಇದನ್ನು ಮುಗಿಸಿ ನೇರ ಆ ಸರಣಿಯ 94ನೇ ಸಂಚಿಕೆಗೆ ಹೋಗು. ಸ್ಟಾರ್ಮ್ ಬಗ್ಗೆ ನಾನು ಹೇಳಿದ್ದು ಜಾಸ್ತಿ ಆಯಿತು ಅನಿಸಿದರೆ ಫೋನ್ ಮಾಡು, ಜಗಳ ಆಡೋಣ.

ನಿನ್ನವ