ಆಕಾಶಬುಟ್ಟಿಯ ಹರಿದ ಮೂಲೆ

ಮ್ಯೂನಿಕ್,
ನವೆಂಬರ್ 5, ಬುಧವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಫೋನಿನಲ್ಲಿ ಹೇಳಿ ಮುಗಿಸಬಹುದಾದದ್ದನ್ನು ಬರೆಯುತ್ತಿದ್ದೇನೆ, ಏಕೆಂದರೆ ಚಿನ್ನು ಕೆಂಪು ಗುಂಡಿ ಒತ್ತುವುದನ್ನು ಕಲಿತಿದ್ದಾಳೆ. ನಿಮ್ಮ ಮುಖ ಕಂಡ ಅರ್ಧ ನಿಮಿಷಕ್ಕೆ ಕರೆ ಕಡಿದುಹೋಗುತ್ತದೆ. ಇದನ್ನು ತಮ್ಮನ ಮೊಬೈಲಿಗೆ ಕಳಿಸುತ್ತೇನೆ, ಅವನು ನಿಧಾನವಾಗಿ ಓದಿ ಹೇಳಲಿ.

ನೀವು ಹೊರಟ ಎರಡೇ ದಿನಕ್ಕೆ ಇಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದರು. ಅದನ್ನು ಮಕ್ಕಳಿಗೆ ಹೇಳುವವರು ಯಾರು? ಚಿನ್ನು ನಾಲ್ಕೂವರೆಗೇ ಎದ್ದು ನಿಮ್ಮ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಯಾರೂ ಇಲ್ಲವೆಂದು ತೆರೆದು ತೋರಿಸಿದರೆ ಮಂಚದ ಕೆಳಗೂ ಬಗ್ಗಿ ನೋಡಿದಳು. ಈಗ ನಮಗೂ ನಮ್ಮೂರು ಸಾಗರಕ್ಕೂ ನಾಲ್ಕೂವರೆ ಗಂಟೆ ಅಂತರ. ಮಕ್ಕಳು ಮಲಗುವ ಏಳು ಗಂಟೆಗೆ ನಿಮಗೆ ರಾತ್ರಿ ಹನ್ನೊಂದೂವರೆ. ಹಾಗಾಗಿ ಇನ್ನು ಮೇಲೆ ಶಿಶುವಿಹಾರದಿಂದ ಬಂದ ಕೂಡಲೇ, ನಿಮ್ಮ ಎಂಟೂವರೆಗೆ ಫೋನ್ ಮಾಡುತ್ತೇನೆ. ಅಪ್ಪ, ನಿಮ್ಮ ವಾರ್ತೆ ಅಷ್ಟರೊಳಗೆ ಮುಗಿಯಲಿ.

ಅಮ್ಮ, ದೋಸೆಹಿಟ್ಟು ಉಬ್ಬುತ್ತಿಲ್ಲ. ನೀನು ಹೇಳಿದಂತೆಯೇ ಓವನ್ನಿನ ದೀಪ ಹಾಕಿ ಒಳಗಿಟ್ಟಿದ್ದೆ. ಇವರು ಕರೆಂಟು ದಂಡವೆಂದು ಅದನ್ನು ಆರಿಸಿ ಮಲಗಿದ್ದರು. ಭಾನುವಾರ ಮಿಕ್ಸಿ ಹಾಕಬೇಡ, ಕೆಳಗಿನ ಮನೆಯವರು ಮೇಲೆ ಬರುತ್ತಾರೆ ಎಂದು ನಿನ್ನನ್ನು ತಡೆದಿದ್ದೆನಲ್ಲ, ಮೊನ್ನೆ ಅವರೇ ಮೆಟ್ಟಿಲ ಬಳಿ ನಿಲ್ಲಿಸಿ ಅಜ್ಜಿ ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳಿದರು. ನೀನು ಕೊಟ್ಟ ಕೋಡುಬಳೆಯ ಮಹಿಮೆ ಇರಬೇಕು.

ಮೊದಲ ತಿಂಗಳು ನಿಮ್ಮಿಬ್ಬರಿಗೂ "ಇಲ್ಲಿ ಹಾಗಲ್ಲ" ಎಂದು ಎಷ್ಟು ಸಲ ಹೇಳಿದೆನೋ. ಊಟ ತಿನ್ನಿಸಬೇಡಿ, ಅವರೇ ತಿನ್ನಲಿ. ಮಲಗಿಸಲು ತೊಡೆ ತಟ್ಟಬೇಡಿ, ಅಭ್ಯಾಸವಾಗುತ್ತದೆ. ಈಗ ಪುಟ್ಟ ಆ ಮಾತನ್ನು ನನಗೇ ತಿರುಗಿಸುತ್ತಿದ್ದಾನೆ. ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕುವಾಗಲೂ "ಅಮ್ಮ, ಹಾಗಲ್ಲ, ಅಜ್ಜ ಎಣಿಸಿ ಹಾಕುತ್ತಿದ್ದರು" ಎನ್ನುತ್ತಾನೆ. ಒಂದಕ್ಕೆ 25 ಸೆಂಟ್ ವಾಪಸು ಬರುತ್ತದೆಂದು ತಿಳಿದ ದಿನ ಅಪ್ಪನ ಮುಖ ನೋಡಬೇಕಿತ್ತು! ವೀಸಾದ 90 ದಿನಗಳಲ್ಲೂ ಎರಡು ಉಳಿಸಿಕೊಂಡು ಹೊರಟವರಲ್ಲವೇ ನೀವು. ಚಿನ್ನುವಿನ "ಸಾಕು" ಶಿಶುವಿಹಾರಕ್ಕೂ ತಲುಪಿದೆ. ಊಟದ ಹೊತ್ತಿಗೆ ಅಲ್ಲಿನ ಶಿಕ್ಷಕಿ "ಸಾಕು?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಅಪ್ಪ, ಇನ್ನು ನಿಮ್ಮ ಆಕಾಶಬುಟ್ಟಿಯ ವಿಷಯ. ಬರುವ ಮಂಗಳವಾರ, ನವೆಂಬರ್ 11, ಇಲ್ಲಿ ಸಂತ ಮಾರ್ಟಿನ್ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವನಂತೆ. ಐದಕ್ಕೆಲ್ಲ ಕತ್ತಲಾಗುವ ಈ ದಿನಗಳಲ್ಲಿ ಮಕ್ಕಳೆಲ್ಲ ಕಾಗದದ ದೀಪಗಳನ್ನು ಕೋಲಿಗೆ ನೇತುಹಾಕಿಕೊಂಡು ಹಾಡುತ್ತ ಬೀದಿಯಲ್ಲಿ ಸಾಗುತ್ತಾರೆ. ಶಿಶುವಿಹಾರದಲ್ಲಿ ಪುಟ್ಟನ ಕೈಯಲ್ಲೂ ಒಂದು ದುಂಡನೆಯ ದೀಪ ಮಾಡಿಸಿದ್ದರು. ಅವನು ಅದನ್ನು ಮುಟ್ಟಲೊಲ್ಲ. ದೀಪಾವಳಿಗೆ ನೀವು ಹೂಗಿಡಗಳಿಗೆ ಊರುವ ಬಿದಿರುಕಡ್ಡಿಗಳನ್ನು ಸೀಳಿ, ದಾರ ಸುತ್ತಿ ಕಟ್ಟಿದಿರಲ್ಲ, ಆ ಐದು ಮೂಲೆಯ ನಕ್ಷತ್ರವೇ ಬೇಕಂತೆ. ಬಾಲ್ಕನಿಯಿಂದ ಇಳಿಸಿ ಕೈಗೆ ಕೊಟ್ಟೆ. ಅವನಿಗಿಂತ ಅದೇ ಅಗಲ. ಹಿಡಿದು ನಿಂತರೆ ಹಿಂದೆ ಎರಡು ಕಾಲು ಮಾತ್ರ ಕಾಣುತ್ತವೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಿನ್ನೆ ಅದನ್ನು ಸೋಫಾದ ಮೇಲಿಟ್ಟು ಬ್ಯಾಟರಿ ದೀಪ ಹುಡುಕಲು ಹೋದೆ. ಬರುವಷ್ಟರಲ್ಲಿ ಚಿನ್ನು ಒಂದು ಮೂಲೆಯ ಹಳದಿ ಕಾಗದದೊಳಗೆ ಮೊಣಕೈವರೆಗೆ ಕೈ ತೂರಿಸಿದ್ದಳು. ಪುಟ್ಟ ಅತ್ತ ರಭಸಕ್ಕೆ ಅವಳೂ ಅತ್ತಳು. ಅಂಗಡಿಯ ಅಂಟು ಹಚ್ಚಿದರೆ ಕಾಗದ ಸುಕ್ಕಾಗುತ್ತದೆ, ಅದೂ ಅಲ್ಲದೆ "ಅಜ್ಜ ಒಲೆಯ ಮೇಲೆ ಮಾಡುತ್ತಿದ್ದರು" ಎಂಬ ತಕರಾರು ಬೇರೆ. ರಾತ್ರಿ ಮೈದಾ ಕಾಯಿಸಿ ನೋಡಿದೆ, ಗಂಟುಗಂಟಾಯಿತು. ಅಮ್ಮ, ನಗಬೇಡ.

ಮೈದಾವನ್ನು ತಣ್ಣೀರಿನಲ್ಲಿ ಕಲಸಿಕೊಂಡು ಒಲೆಗಿಡಬೇಕೋ, ಕುದಿಯುವ ನೀರಿಗೇ ಹಾಕಬೇಕೋ? ಆ ಮೂಲೆಗೆ ಪೂರ್ತಿ ಹೊಸ ಕಾಗದ ಹಚ್ಚಲೋ, ತೇಪೆ ಸಾಕೋ? ನಾಳೆಯೇ ತಿಳಿಸಿ, ಒಣಗಲು ಎರಡು ದಿನವಾದರೂ ಬೇಕು.

ನಿಮ್ಮ ಮಗಳು